ಷೇರು ಕಟ್ಟಿದವರೇ ಮಾಲು ಬೇರೆ ಕಡೆ ಹಾಕುತ್ತಿದ್ದಾರೆ: ಸಂಸ್ಥೆ ನಮ್ಮದು ಅಂತ ಅನ್ನಿಸೋದು ಹೇಗೆ?

ಎರೆಭೂಮಿ, ಯಲಬುರ್ಗಾ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಸಿಇಒ ಆಗಿದ್ದೇನೆ. ದೇಶದಲ್ಲಿ 10,000 ಎಫ್‌ಪಿಒ, ಅಂದರೆ ರೈತ ಉತ್ಪಾದಕ ಸಂಸ್ಥೆ, ಕಟ್ಟಬೇಕು ಅಂತ 2020ರಲ್ಲಿ ಕೇಂದ್ರದ ಯೋಜನೆ ಬಂತಲ್ವಾ, ಅದರಲ್ಲಿ ಹುಟ್ಟಿದ ಕಂಪನಿ ನಮ್ಮದು. ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕು, ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಇದ್ದಾರೆ. ಸದಸ್ಯರ ಷೇರು ಹಣಕ್ಕೆ ಸರ್ಕಾರ ಸೇರಿಸಿ ಕೊಡುವ ಈಕ್ವಿಟಿ ಗ್ರಾಂಟ್ ಬಂದಿದೆ. ಸಿಬ್ಬಂದಿ ಸಂಬಳ, ಕಚೇರಿ ಖರ್ಚಿಗೆ ಮೂರು ವರ್ಷ ಸೇರಿ 18 ಲಕ್ಷ ರೂಪಾಯಿವರೆಗೆ ನೆರವು ಇತ್ತು. ಆ ಮೂರು ವರ್ಷ ಈಗ ಮುಗಿಯುತ್ತಾ ಬಂತು. ಇನ್ನು ಮುಂದೆ ನಮ್ಮ ವ್ಯವಹಾರದಿಂದಲೇ ಸಂಬಳ ಹುಟ್ಟಬೇಕು.

ಕಷ್ಟ ಇರೋದು ಇಲ್ಲಿ. ಬೀಜ, ಗೊಬ್ಬರಕ್ಕೆ ಸದಸ್ಯರು ನಮ್ಮ ಹತ್ತಿರ ಬರುತ್ತಾರೆ. ಕಡಲೆ ರಾಶಿ ಆದ ಮೇಲೆ ಮಾತ್ರ ಟ್ರ್ಯಾಕ್ಟರ್ ನಮ್ಮ ಗೋದಾಮಿನ ಮುಂದೆಯೇ ಹಾದು, ಕಮಿಷನ್ ಮೇಲೆ ಮಾಲು ಮಾರಿಸುವ ಅಡತಿ ಅಂಗಡಿಗೆ ಹೋಗುತ್ತದೆ. ನಿರ್ದೇಶಕರ ಸಭೆಗೆ ಕೋರಂ ಆಗೋದೇ ಕಷ್ಟ. ಸಿಬ್ಬಂದಿ ನಾಲ್ಕೈದು ಜನ ಅಷ್ಟೇ. ಅವರಲ್ಲೂ ಲೆಕ್ಕದವರು ತಪ್ಪನ್ನು ಗೋದಾಮಿನವರ ಮೇಲೆ ಹಾಕುತ್ತಾರೆ, ಗೋದಾಮಿನವರು ಹಳ್ಳಿ ತಿರುಗುವ ಹುಡುಗರ ಮೇಲೆ ಹಾಕುತ್ತಾರೆ. ಎಲ್ಲರೂ ಒಳ್ಳೆಯವರೇ. ಆದರೆ ಇದು ನನ್ನ ಸಂಸ್ಥೆ ಅಂತ ಯಾರಿಗೂ ಅನ್ನಿಸಿಲ್ಲ.

ಕಾರ್ಖಾನೆ, ಸಹಕಾರ ಸಂಘ, ಆಸ್ಪತ್ರೆ, ಶಾಲೆ, ಎಲ್ಲೇ ಇರಲಿ, ಜನರನ್ನು ಒಂದು ಮಾಡಿ ಕೆಲಸ ನಡೆಸಿದವರು ಇಲ್ಲಿ ಇದ್ದೀರಿ. ನಿಮ್ಮ ಅನುಭವ ಬರೆಯಿರಿ.

ಗಂಜ್ ರಸ್ತೆ, ಕೊಪ್ಪಳ

ಕ್ವಿಂಟಲ್‌ಗೆ ನೂರು ರೂಪಾಯಿ ಜಾಸ್ತಿ ಕೊಡಿ. ತಾವಾಗೇ ಬರುತ್ತಾರೆ.

ಎರೆಭೂಮಿ, ಯಲಬುರ್ಗಾ

ಕೊಟ್ಟು ನೋಡಿದ್ದೇವೆ. 2025-26ರ ಹಂಗಾಮಿನಲ್ಲಿ ಕಡಲೆ ಬೆಂಬಲ ಬೆಲೆ 5,650 ಇತ್ತು. ಪೇಟೆ ದರ ಅದರ ಆಚೆ ಈಚೆ ಆಡುವಾಗ ಕೂಡ ನಾವು ಪೇಟೆಗಿಂತ ಜಾಸ್ತಿ ಹೇಳಿದೆವು. ಒಂದಷ್ಟು ಜನ ಬಂದರು. ದರ ಸಮ ಆದ ವಾರ ಅವರೇ ಮತ್ತೆ ಹಳೇ ಅಂಗಡಿಗೆ ಹೋದರು.

ಮೇಷ್ಟ್ರು, ಬಳ್ಳಾರಿ

ನಾನು ಎಂಬಿಎ ಮಕ್ಕಳಿಗೆ ಪಾಠ ಮಾಡುವವನು. ನಿಮ್ಮ ಪ್ರಶ್ನೆಗೆ ಹತ್ತಿರದ ಒಂದು ವಿಷಯ ಹೇಳುತ್ತೇನೆ. ಜಾನ್ ಮೇಯರ್, ನಟಾಲಿ ಅಲೆನ್ ಅಂತ ಕೆನಡಾದ ಇಬ್ಬರು ಮನಃಶಾಸ್ತ್ರಜ್ಞರು 1991ರಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ಒಬ್ಬ ಮನುಷ್ಯ ಸಂಸ್ಥೆಗೆ ಅಂಟಿಕೊಂಡು ಇರೋದು ಮೂರು ಕಾರಣಕ್ಕೆ. ಒಂದು, ಮನಸ್ಸಿಗೆ ಇಷ್ಟ ಇದೆ. ಎರಡು, ಬಿಟ್ಟರೆ ನಷ್ಟ ಆಗುತ್ತದೆ. ಮೂರು, ಬಿಡೋದು ತಪ್ಪು, ಋಣ ಇದೆ. ಆಮೇಲೆ ನಡೆದ ಬೇಕಾದಷ್ಟು ಅಧ್ಯಯನಗಳಲ್ಲಿ ಕಂಡ ವಿಷಯ ಏನಂದ್ರೆ, ಮೊದಲನೇ ಕಾರಣಕ್ಕೆ ಉಳಿದವರು ಚೆನ್ನಾಗಿ ಕೆಲಸ ಮಾಡುತ್ತಾರೆ, ಹೇಳದಿದ್ದರೂ ಇನ್ನೊಬ್ಬರಿಗೆ ಕೈ ಜೋಡಿಸುತ್ತಾರೆ. ಬರೀ ನಷ್ಟದ ಭಯಕ್ಕೆ ಉಳಿದವರಿಂದ ಅದು ಸಿಗೋದಿಲ್ಲ.

ಈಗ ನಿಮ್ಮ ರೈತರನ್ನು ನೋಡಿ. ಅಡತಿ ಅಂಗಡಿಯ ಜೊತೆ ಅವರಿಗೆ ಈ ಮೂರೂ ಇದೆ. ಎಷ್ಟೋ ವರ್ಷದ ಪರಿಚಯ. ಬಿಟ್ಟರೆ ಮುಂದಿನ ಬಿತ್ತನೆಗೆ ಸಾಲ ಸಿಗೋದಿಲ್ಲ. ಮಗಳ ಮದುವೆಗೆ ದುಡ್ಡು ಕೊಟ್ಟವರು ಅನ್ನೋ ಋಣ. ಹಾಗಾಗಿ ನಿಮ್ಮ ಸದಸ್ಯರಿಗೆ ನಿಷ್ಠೆ ಇಲ್ಲ ಅಂತ ತಿಳಿಯಬೇಡಿ. ನಿಷ್ಠೆ ಗಟ್ಟಿಯಾಗೇ ಇದೆ, ಅದು ಬೇರೆ ಅಂಗಡಿಯಲ್ಲಿದೆ. ನೂರು ರೂಪಾಯಿ ಜಾಸ್ತಿ ಕೊಟ್ಟು ಅದನ್ನು ಕೀಳೋಕೆ ಆಗೋದಿಲ್ಲ.

ಗಂಜ್ ರಸ್ತೆ, ಕೊಪ್ಪಳ

ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ನಮ್ಮ ಮನೆತನದ್ದು ಅಡತಿ ವ್ಯವಹಾರವೇ. ಹೊರಗಿನವರು ಇದನ್ನು ಬರೀ ಬಡ್ಡಿ ಲೆಕ್ಕ ಅಂತ ನೋಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎತ್ತಬೇಕು. ಆಸ್ಪತ್ರೆಗೆ ಅಂದರೆ ಕಾಗದ ಕೇಳದೆ ದುಡ್ಡು ಕೊಡಬೇಕು. ಯಾರ ಹೊಲದಲ್ಲಿ ಏನು ಬಿತ್ತಿದ್ದಾರೆ, ಯಾರ ಮಗ ಎಲ್ಲಿ ಓದುತ್ತಾನೆ, ಎಲ್ಲಾ ನೆನಪಿರಬೇಕು. ಮಳೆ ಕೈಕೊಟ್ಟ ವರ್ಷ ನಮ್ಮ ದುಡ್ಡೂ ಅವರ ಹೊಲದಲ್ಲೇ ಒಣಗುತ್ತದೆ. ರೈತ ಅದನ್ನು ಮರೆಯೋದಿಲ್ಲ.

ನಿಮ್ಮ ಕಂಪನಿಯಲ್ಲಿ ರೈತನ ಜೊತೆ ನಷ್ಟಕ್ಕೆ ನಿಲ್ಲೋರು ಯಾರು? ಸಿಬ್ಬಂದಿಗೆ ಸಂಬಳ ಯೋಜನೆಯಿಂದ ಬರುತ್ತದೆ. ಮಾಲು ಬಂದರೂ ಬರುತ್ತದೆ, ಬರದಿದ್ದರೂ ಬರುತ್ತದೆ. ರೈತರ ಕಣ್ಣಿಗೆ ಇದು ಕಾಣುತ್ತದೆ.

ಆದರೆ ಒಂದು ಮಾತು. ಎಲ್ಲಾ ಸೇರಿ ಎಷ್ಟು ಬಂತು, ಎಷ್ಟು ಕಟಾಯಿಸಿದೆವು, ನಮಗೆ ಎಷ್ಟು ಉಳಿಯಿತು ಅಂತ ಯಾವ ಅಡತಿ ಅಂಗಡಿಯೂ ರೈತರ ಮುಂದೆ ಓದಿ ಹೇಳೋದಿಲ್ಲ. ನೀವು ಹೇಳಬಹುದು. ಅಲ್ಲಿ ನಮ್ಮಂಥವರನ್ನು ನೀವು ಮೀರಿಸಬಹುದು.

ಒಕ್ಕೂಟದ ಅಕ್ಕ, ದೇವದುರ್ಗ

ಗಂಜ್ ರಸ್ತೆಯವರು ಕೊನೆಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿದ್ದೇನೆ. ಸ್ವಸಹಾಯ ಸಂಘಗಳಿಗಾಗಿ ಸರ್ಕಾರ ನಡೆಸುವ ಸಂಜೀವಿನಿ ಯೋಜನೆಯಲ್ಲಿ ನಮಗೆ ಪಂಚಸೂತ್ರ ಅಂತ ಕಲಿಸುತ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗಿನ ಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ ಪುಸ್ತಕ. ಮೊದಲ ನಾಲ್ಕು ಹೆಚ್ಚುಕಮ್ಮಿ ನಡೆಯುತ್ತವೆ. ಸಂಘ ಒಡೆಯೋದು ಐದನೆಯದರಲ್ಲಿ. ಪುಸ್ತಕ ಒಬ್ಬಳ ಮನೆಯಲ್ಲೇ ಉಳಿಯಿತು ಅಂದರೆ ಅನುಮಾನ ಶುರು ಆಯಿತು ಅಂತಲೇ ಅರ್ಥ. ಅವಳು ಎಷ್ಟೇ ಪ್ರಾಮಾಣಿಕಳಾದರೂ ಸರಿ.

ನಮ್ಮಲ್ಲಿ ಓದು ಬರದ ಹೆಂಗಸರು ಜಾಸ್ತಿ. ಅದಕ್ಕೆ ಪ್ರತಿ ಸಭೆಯಲ್ಲಿ ಲೆಕ್ಕ ಗಟ್ಟಿಯಾಗಿ ಓದುತ್ತೇವೆ. ಓದಿದ್ದನ್ನು ಇನ್ನೊಬ್ಬಳು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಯಾರು ಬಾಕಿ, ಯಾಕೆ ಬಾಕಿ ಅಂತ ಅವಳ ಎದುರಿಗೇ ಮಾತಾಡುತ್ತೇವೆ, ಬೆನ್ನ ಹಿಂದೆ ಆಡೋದಿಲ್ಲ. ಹೊಸದಾಗಿ ಬಂದವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಆಮೇಲೆ ಇದೇ ಧೈರ್ಯ ಕೊಡುತ್ತದೆ, ಯಾಕಂದ್ರೆ ನನ್ನ ದುಡ್ಡು ಎಲ್ಲಿದೆ ಅಂತ ನನಗೇ ಗೊತ್ತಿರುತ್ತದೆ.

ಇನ್ನೊಂದು ಕೇಳಬೇಕು. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಹೆಂಗಸರು ಎಷ್ಟು? ಕಡಲೆ ಕೀಳೋರು, ಹಸನು ಮಾಡೋರು ಅವರು. ಪಹಣಿ ಗಂಡಸಿನ ಹೆಸರಲ್ಲಿ ಇದೆ ಅಂತ ಷೇರೂ ಗಂಡಸಿಗೇ ಕೊಟ್ಟಿರುತ್ತೀರಿ. ಮಾಲು ಎಲ್ಲಿಗೆ ಹಾಕೋದು ಅಂತ ಮನೆಯಲ್ಲಿ ಮಾತು ನಡೆಯುವಾಗ ನಿಮ್ಮ ಪರವಾಗಿ ಮಾತಾಡೋಕೆ ಆ ಮನೆಯಲ್ಲಿ ಯಾರಿದ್ದಾರೆ?

ಹಾಲಿನ ಕ್ಯಾನು, ಗಂಗಾವತಿ

ಹಾಲಿನ ಡೇರಿಯಲ್ಲೂ ಇದೇ ಗುಟ್ಟು. ನಮ್ಮ ಕಡೆ ರಾಬಕೊವಿ ಅನ್ನುವ ಜಿಲ್ಲೆಗಳ ಹಾಲು ಒಕ್ಕೂಟಕ್ಕೆ ಹಾಲು ಹೋಗುತ್ತದೆ. ಡೇರಿ ಕಟ್ಟೆಯ ಮೇಲೆ ಎಲ್ಲರೂ ಸಾಲಲ್ಲಿ ನಿಂತಿರುವಾಗ ಅವರ ಮುಂದೆಯೇ ಅಳತೆ, ಫ್ಯಾಟ್ ಪರೀಕ್ಷೆ ಆಗಬೇಕು, ಚೀಟಿ ಕೈಗೆ ಬರಬೇಕು. ದಿನಕ್ಕೆ ಎರಡು ಸಲ ಈ ಪರೀಕ್ಷೆಯಲ್ಲಿ ಸಂಘ ಪಾಸಾಗಬೇಕು. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಶುರುವಾದ ಅಮುಲ್ ಒಕ್ಕೂಟ ಇವತ್ತಿಗೂ ನಿಂತಿರೋದರ ಹಿಂದೆ ಇಂಥ ಸಣ್ಣ ಸಣ್ಣ ನಂಬಿಕೆ ಇದೆ. ನಿಮಗೆ ಕಡಲೆ ವರ್ಷಕ್ಕೆ ಒಂದೇ ಸಲ. ಹಾಗಾಗಿ ನಂಬಿಕೆ ಬೆಳೆಯೋಕೆ ಅವಕಾಶವೇ ಕಡಿಮೆ. ವರ್ಷ ಪೂರ್ತಿ ಏನಾದರೂ ವ್ಯವಹಾರ ಇಟ್ಟುಕೊಳ್ಳಿ.

ಕೊನೇ ತೂಬು, ಸಿರವಾರ

ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರು. ಮುನಿರಾಬಾದ್‌ನಿಂದ ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಅಂತ ಈ ಭಾಗದ ಎಲ್ಲರಿಗೂ ಗೊತ್ತು. ಕಾಲುವೆಯ ಮೈಲ್ 69ರಲ್ಲಿ ಇಷ್ಟು ಗೇಜ್ (ನೀರಿನ ಮಟ್ಟ) ಇರಲಿ, ಮೈಲ್ 104ರಲ್ಲಿ ಇಷ್ಟು ಇರಲಿ ಅಂತ ಪ್ರತಿ ವರ್ಷ ರಸ್ತೆಗೆ ಇಳಿಯಬೇಕು. ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದ ಮೇಲೆ ಇವೆ. ಬಹಳಷ್ಟು ಕಡೆ ಅದರ ಕಾರ್ಯದರ್ಶಿ ಯಾರು ಅಂತ ಕೇಳಿದರೆ ಪಕ್ಕದ ಹೊಲದವರಿಗೇ ಗೊತ್ತಿರೋದಿಲ್ಲ.

ಈ ವಿಷಯದಲ್ಲಿ ನನಗೆ ಬಹಳ ಬೆಳಕು ಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ವಿದ್ವಾಂಸೆ, ಆ ಬಹುಮಾನ ಪಡೆದ ಮೊದಲ ಮಹಿಳೆ. ಅವರು ಮತ್ತು ಅವರ ಜೊತೆಗಾರರು ನೇಪಾಳದ ಕಾಲುವೆಗಳನ್ನು ನೋಡಿದರು. ರೈತರೇ ಕಲ್ಲು, ಮಣ್ಣು, ಮರ ಹಾಕಿ ಕಟ್ಟಿದ ಕಾಲುವೆಗಳಲ್ಲಿ ಕೊನೆಯವರಿಗೂ ನೀರು ಸಿಗುತ್ತಿತ್ತು. ಸರ್ಕಾರ ಸಿಮೆಂಟಿನಲ್ಲಿ ಕಟ್ಟಿಕೊಟ್ಟ ಗಟ್ಟಿ ಕಾಲುವೆಗಳಲ್ಲಿ ಎಷ್ಟೋ ಕಡೆ ಸಿಗುತ್ತಿರಲಿಲ್ಲ. ಯಾಕೆ? ಮಣ್ಣಿನ ಒಡ್ಡು ಪ್ರತಿ ಮಳೆಗಾಲ ಕೊಚ್ಚಿಹೋಗುತ್ತಿತ್ತು. ಮತ್ತೆ ಕಟ್ಟೋಕೆ ಮೇಲಿನವರಿಗೆ ಕೆಳಗಿನವರ ಕೈ ಬೇಕಿತ್ತು. ನೀರು ಕೊಡದಿದ್ದರೆ ಅವರು ಕೆಲಸಕ್ಕೆ ಬರೋದಿಲ್ಲ. ಸಿಮೆಂಟ್ ಒಡ್ಡು ಬಂದ ಮೇಲೆ ಮೇಲಿನವರಿಗೆ ಕೆಳಗಿನವರು ಬೇಕಾಗಲೇ ಇಲ್ಲ. ಸಹಕಾರ ಅಲ್ಲಿಗೆ ಮುರಿಯಿತು.

ಇದನ್ನು ನಿಮ್ಮ ಕಂಪನಿಗೆ ಹಾಕಿ ನೋಡಿ. ಎಫ್‌ಪಿಒದಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಓಟು. ಆದರೆ ವ್ಯವಹಾರದಲ್ಲಿ ಇಪ್ಪತ್ತು ಎಕರೆಯವರಿಗೆ ಎರಡು ಎಕರೆಯವರು ಯಾಕೆ ಬೇಕು? ಉತ್ತರ ನಿಮ್ಮ ಹತ್ತಿರ ಇಲ್ಲದಿದ್ದರೆ ದೊಡ್ಡವರು ಸಭೆಗೆ ಬರೋದಿಲ್ಲ. ಬೇಳೆ ಮಿಲ್ಲಿನವರು ಒಂದೇ ತಳಿ, ಒಂದೇ ತೇವಾಂಶ, ಲಾರಿಗಟ್ಟಲೆ ಮಾಲು ಕೇಳುತ್ತಾರೆ. ಅಷ್ಟು ಮಾಲು ಒಬ್ಬ ದೊಡ್ಡ ರೈತನಲ್ಲೂ ಇರೋದಿಲ್ಲ. ಸಣ್ಣವರ ಚೀಲ ಸೇರಿದರೆ ಮಾತ್ರ ಲಾರಿ ತುಂಬುತ್ತದೆ. ಅಂಥ ವ್ಯವಹಾರ ಹುಡುಕಿ, ಎಲ್ಲರಿಗೂ ಎಲ್ಲರೂ ಬೇಕಾಗುವಂಥದ್ದು.

ದಂಡದ ಬಗ್ಗೆಯೂ ಆಸ್ಟ್ರಮ್ ಹೇಳಿದ್ದು ನೆನಪಿಡಿ. ಮೊದಲ ಸಲ ತಪ್ಪಿದವರಿಗೆ ಸಣ್ಣ ದಂಡ ಸಾಕು, ಮತ್ತೆ ಮತ್ತೆ ತಪ್ಪಿದರೆ ಏರಿಸಬೇಕು. ನಿಗಾ ಇಡುವವರು ಸದಸ್ಯರಲ್ಲೇ ಒಬ್ಬರಾಗಿರಬೇಕು, ಇಲ್ಲವೇ ಸದಸ್ಯರಿಗೆ ಉತ್ತರ ಕೊಡುವವರಾಗಿರಬೇಕು.

ಮೇಷ್ಟ್ರು, ಬಳ್ಳಾರಿ

ನೇಪಾಳದ ಈ ಉದಾಹರಣೆಯನ್ನು ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

ಗವಿಮಠದ ಬೀದಿ, ಕೊಪ್ಪಳ

ಸಹಕಾರ ನೋಡಬೇಕು ಅಂದರೆ ಜನವರಿಯಲ್ಲಿ ನಮ್ಮ ಗವಿಸಿದ್ಧೇಶ್ವರ ಜಾತ್ರೆಗೆ ಬನ್ನಿ. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಯಾರೂ ಯಾರಿಗೂ ಸಂಬಳ ಕೊಡೋದಿಲ್ಲ. 2019ರಲ್ಲಿ ಹಿರೇಹಳ್ಳ ಸ್ವಚ್ಛ ಮಾಡುವಾಗ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಳ್ಳಕ್ಕೆ ಇಳಿದರು. 20 ಕಿಲೋಮೀಟರಿಗೂ ಜಾಸ್ತಿ ಉದ್ದದ ಹಳ್ಳ, ಜಾಲಿ, ಹೂಳು, ಕಸ ತುಂಬಿತ್ತು. ಅವರು ಇಳಿದಿದ್ದನ್ನು ನೋಡಿ ಊರೂರಿನ ಜನ ಇಳಿದರು. ಜೆಸಿಬಿ ಇದ್ದವರು ಜೆಸಿಬಿ ತಂದರು, ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ತಂದರು.

ಕುಲುಮೆ, ತೋರಣಗಲ್ಲು

ಅಣ್ಣ, ಗೌರವ ಇಟ್ಟೇ ಹೇಳುತ್ತೇನೆ, ಅದು ಭಕ್ತಿ. ಕಂಪನಿಯ ಸಿಇಒ ಹಳ್ಳಕ್ಕೆ ಇಳಿದರೆ ಜನ ಇಳಿಯೋದಿಲ್ಲ. ಮಠದ ಮೇಲಿನ ನಂಬಿಕೆ ತಲೆಮಾರುಗಳಿಂದ ಬಂದಿದ್ದು. ಎರೆಭೂಮಿಯವರಿಗೆ ಇರೋದು ಕೆಲವೇ ತಿಂಗಳು.

ಗವಿಮಠದ ಬೀದಿ, ಕೊಪ್ಪಳ

ಭಕ್ತಿ ಇದೆ, ಒಪ್ಪುತ್ತೇನೆ. ಆದರೆ ದಾಸೋಹ ಬರೀ ಭಕ್ತಿಯಿಂದ ನಡೆಯೋದಿಲ್ಲ. ರೊಟ್ಟಿ ಎಲ್ಲಿ ಇಳಿಸಬೇಕು, ಪಲ್ಯದ ಕಡೆ ಯಾರು, ನೀರಿನ ಕಡೆ ಯಾರು, ಬಡಿಸೋರು ಯಾವ ಹೊತ್ತಿಗೆ ಬದಲಾಗಬೇಕು, ಎಲ್ಲಾ ಮೊದಲೇ ಗೊತ್ತು ಮಾಡಿರುತ್ತಾರೆ. ನಮ್ಮ ಊರಿನ ಪಾಳಿ ಅಂದರೆ ಅದು ಊರಿನ ಮರ್ಯಾದೆ ಪ್ರಶ್ನೆ. ಒಂದು ಊರಿಗೆ ಒಂದು ಕೆಲಸವನ್ನು ಪೂರ್ತಿಯಾಗಿ ನಂಬಿ ಒಪ್ಪಿಸೋದು, ಅದನ್ನು ಯಾವ ಸಂಸ್ಥೆ ಬೇಕಾದರೂ ಮಾಡಬಹುದು. ಎರೆಭೂಮಿಯವರ ಕಂಪನಿಯಲ್ಲಿ ಯಾವ ಹಳ್ಳಿಗೆ ಯಾವ ಕೆಲಸ ಒಪ್ಪಿಸಿದ್ದಾರೆ?

ಕುಲುಮೆ, ತೋರಣಗಲ್ಲು

ಊರಿಗೆ ಕೆಲಸ ಒಪ್ಪಿಸೋದು, ಈ ಮಾತು ಒಪ್ಪಿದೆ. ನಮ್ಮ ಕಡೆಯಿಂದ ಒಂದು ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಂ, ಅಂದರೆ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಯಿತು. ಒಟ್ಟು 33 ಗೇಟು, ತುಂಬಿದ ಡ್ಯಾಂ. ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದರು. ಗೇಟಿನ ಜಾಗ ಮುಚ್ಚುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಹೊಸಪೇಟೆಯ ವರ್ಕ್‌ಶಾಪ್‌ಗಳಲ್ಲೂ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲೂ ಮಾಡಿಸಿದರು. ಒಂದು ವಾರದೊಳಗೆ, ನೀರು ಹರಿಯುತ್ತಿರುವಾಗಲೇ, ಅವನ್ನು ಇಳಿಸಿದರು. ವೆಲ್ಡರ್, ಕ್ರೇನ್ ಆಪರೇಟರ್, ತುಂಗಭದ್ರಾ ಬೋರ್ಡಿನ ಎಂಜಿನಿಯರ್, ಸರ್ಕಾರ, ಖಾಸಗಿ ಕಾರ್ಖಾನೆ, ಎಲ್ಲರ ಕಣ್ಣೂ ಒಂದೇ ಗೇಟಿನ ಮೇಲೆ. ಗುರಿ ಒಂದೇ ಇತ್ತು, ಎಲ್ಲರಿಗೂ ಕಾಣುತ್ತಿತ್ತು. ಯಾರು ಏನು ಮಾಡಬೇಕು ಅಂತ ತೀರ್ಮಾನ ಮಾಡುವವರು ಸ್ಥಳದಲ್ಲೇ ನಿಂತಿದ್ದರು, ಫೈಲು ಬೆಂಗಳೂರಿಗೆ ಹೋಗಿ ಬರೋಕೆ ಕಾಯಲಿಲ್ಲ.

ನಿಮ್ಮ ಸಿಬ್ಬಂದಿ ಒಬ್ಬರ ಮೇಲೆ ಒಬ್ಬರು ಹಾಕೋದು ಯಾಕೆ? ಒಬ್ಬರಿಗೆ ಪುಸ್ತಕ, ಒಬ್ಬರಿಗೆ ಬೀಗ, ಒಬ್ಬರಿಗೆ ಬೈಕು. ಮೂವರಿಗೂ ಸೇರಿದ ಒಂದು ಗುರಿ ಇಲ್ಲ. ಈ ಹಂಗಾಮಿನಲ್ಲಿ ಇಷ್ಟು ಕ್ವಿಂಟಲ್, ಇಷ್ಟು ಹೊತ್ತಿನಲ್ಲಿ ರೈತರ ಖಾತೆಗೆ ಹಣ ಅಂತ ಒಂದೇ ಸಂಖ್ಯೆ ಗೋಡೆಗೆ ಬರೆಯಿರಿ. ಮೂವರೂ ಅದಕ್ಕೇ ಉತ್ತರ ಕೊಡಲಿ.

ಕೊನೇ ತೂಬು, ಸಿರವಾರ

ಸಂಕಟದಲ್ಲಿ ಎಲ್ಲರೂ ಸೇರುತ್ತಾರೆ. ಗೇಟು ಮುರಿದ ದಿನ ಇದ್ದ ಒಗ್ಗಟ್ಟು ಚೈನಿಗೆ ಗ್ರೀಸ್ ಹಚ್ಚುವ ದಿನ ಬೇಕು. ನಾಯಕತ್ವದ ಕಷ್ಟ ಅಲ್ಲಿದೆ.

ಡಬಲ್ ಹೊಲಿಗೆ, ಬಳ್ಳಾರಿ

ಒಂದೇ ಗುರಿ ಅನ್ನೋದು ಒಳ್ಳೆಯದೇ, ಆದರೆ ಎಚ್ಚರ ಬೇಕು. ನಾವು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತೇವೆ. ಜೇಬು ಒಬ್ಬರು, ಜಿಪ್ ಒಬ್ಬರು, ಬೆಲ್ಟ್ ಒಬ್ಬರು. ಮೊದಲು ಪೀಸಿನ ಲೆಕ್ಕದಲ್ಲಿ ಕೂಲಿ ಇತ್ತು. ಜೇಬಿನವರ ಮುಂದೆ ಗುಡ್ಡೆ, ಜಿಪ್ಪಿನವರ ಹತ್ತಿರ ಕೆಲಸವೇ ಇಲ್ಲ. ಅದಕ್ಕೆ ಇಡೀ ಸಾಲಿಗೆ, ಮುಗಿದ ಪ್ಯಾಂಟಿನ ಲೆಕ್ಕದಲ್ಲಿ ಬೋನಸ್ ಇಟ್ಟೆವು. ಕೆಲಸ ಹರಿಯಿತು. ಒಬ್ಬರ ಮೆಷಿನ್ ಕೆಟ್ಟರೆ ಪಕ್ಕದವರು ಎದ್ದು ಬರುತ್ತಿದ್ದರು. ಆದರೆ ಕಣ್ಣು ಮಂಜಾದ ಒಬ್ಬ ಹಿರಿಯ ಹೆಂಗಸನ್ನು ಎಲ್ಲರೂ ಸೇರಿ ಬೈಯೋಕೆ ಶುರು ಮಾಡಿದರು. ಅವರಿಂದ ನಮ್ಮ ಬೋನಸ್ ಹೋಗುತ್ತಿದೆ ಅಂತ.

ಅವರನ್ನು ತಪಾಸಣೆ ಮೇಜಿಗೆ ಹಾಕಿದೆವು. ನಲವತ್ತು ವರ್ಷ ಬಟ್ಟೆ ಮುಟ್ಟಿದ ಕೈ. ದಾರ ಸಡಿಲ ಇದ್ದರೆ ಬೆರಳಿಗೇ ಗೊತ್ತಾಗುತ್ತದೆ. ವಾಪಸ್ ಬರುವ ಮಾಲು ಕಡಿಮೆ ಆಯಿತು. ಈಗ ಹೊಸ ಹುಡುಗಿಯರು ಹೊಲಿಗೆ ತೋರಿಸೋಕೆ ಅವರ ಹತ್ತಿರವೇ ಹೋಗುತ್ತಾರೆ. ಗುಂಪಿಗೆ ಗುರಿ ಇಡುವವರು ಗುಂಪಿನಲ್ಲಿ ನಿಧಾನ ಇರುವವರನ್ನು ತಾವೇ ಕಾಯಬೇಕು. ಅದನ್ನು ಗುಂಪಿನ ಮೇಲೆ ಬಿಡಬಾರದು.

ರಾತ್ರಿ ಪಾಳಿ, ಬಳ್ಳಾರಿ

ನಾನು ನರ್ಸ್. ತಪ್ಪನ್ನು ಒಬ್ಬರ ಮೇಲೆ ಒಬ್ಬರು ಹಾಕುವ ವಿಷಯಕ್ಕೆ ಬರುತ್ತೇನೆ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಗ್ಗಟ್ಟಿರುವ ವಾರ್ಡ್‌ಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಚೆನ್ನಾಗಿ ನಡೆಯುವ ವಾರ್ಡ್‌ಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಕಾರಣ ಹುಡುಕಿದಾಗ ಗೊತ್ತಾಗಿದ್ದು, ಅಲ್ಲಿ ಜನ ಹೆದರದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ತಪ್ಪು ಹೇಳಿದವರಿಗೆ ಮೆಮೊ ಬರುತ್ತಿತ್ತು. ಆಮೇಲೆ ಯಾರೂ ಏನೂ ಹೇಳುತ್ತಿರಲಿಲ್ಲ. ರಿಜಿಸ್ಟರ್ ಬಹಳ ಚೆನ್ನಾಗಿ ಕಾಣುತ್ತಿತ್ತು, ರೋಗಿಗಳಿಗೆ ಮಾತ್ರ ಅದು ಒಳ್ಳೆಯದಾಗಿರಲಿಲ್ಲ. ಈಗ ಇರುವ ವಾರ್ಡಿನಲ್ಲಿ ಸಿಸ್ಟರ್ ಇನ್‌ಚಾರ್ಜ್ ಪಾಳಿ ಬದಲಾಗುವಾಗ ಮೊದಲು ಕೇಳೋದು, "ಇವತ್ತು ಯಾವುದು ಕೈತಪ್ಪುತ್ತಿತ್ತು?" ಅಂತ. ಯಾರು ಮಾಡಿದ್ದು ಅಂತ ಕೇಳೋದೇ ಇಲ್ಲ. ಒಂದೇ ರೀತಿ ಕಾಣುವ ಎರಡು ಔಷಧಿ ಡಬ್ಬಿಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದ್ದು ಇಂಥ ಒಂದು ಮಾತಿನಿಂದ. ನಿಮ್ಮ ಗೋದಾಮಿನಲ್ಲಿ ತೂಕ ತಪ್ಪಿದರೆ ಹುಡುಗ ನಿಮಗೆ ಅದೇ ದಿನ ಹೇಳುತ್ತಾನಾ? ಅದನ್ನು ನೋಡಿಕೊಳ್ಳಿ.

ಎರೆಭೂಮಿ, ಯಲಬುರ್ಗಾ

ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಅಕ್ಕನವರು ಕೇಳಿದ್ದಕ್ಕೆ ಉತ್ತರ: ಪಟ್ಟಿಯಲ್ಲಿ ಹೆಂಗಸರು ಬಹಳ ಕಡಿಮೆ. ಗವಿಮಠದ ಬೀದಿಯವರಿಗೆ: ಯಾವ ಹಳ್ಳಿಗೂ ಯಾವ ಕೆಲಸವನ್ನೂ ಒಪ್ಪಿಸಿಲ್ಲ.

ಮುಂದಿನ ಬೋರ್ಡ್ ಸಭೆಯಲ್ಲಿ ಇಡಬೇಕು ಅಂದುಕೊಂಡಿದ್ದು ಹೀಗಿದೆ. ಸಭೆಯನ್ನು ಕಚೇರಿಯಲ್ಲಿ ಮಾಡುವ ಬದಲು ಪ್ರತಿ ಸಲ ಒಂದೊಂದು ಹಳ್ಳಿಯಲ್ಲಿ ಮಾಡೋದು. ಖರೀದಿ ಆದ ವಾರವೇ ಎಷ್ಟಕ್ಕೆ ಕೊಂಡೆವು, ಎಷ್ಟಕ್ಕೆ ಮಾರಿದೆವು, ಹಮಾಲಿ, ಬಾಡಿಗೆ ಎಷ್ಟು, ಉಳಿದಿದ್ದು ಎಷ್ಟು ಅಂತ ಹಳ್ಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದೋದು. ಖರೀದಿ ದಿನ ಆ ಹಳ್ಳಿಯವರೇ ಇಬ್ಬರು ತೂಕಕ್ಕೆ ನಿಲ್ಲೋದು, ಒಬ್ಬರು ಹೆಂಗಸು ಇರಲೇಬೇಕು. ನನ್ನ ಸಂಬಳದ ಒಂದು ಭಾಗ ಖರೀದಿಯ ಮೇಲೆ ನಿಂತಿರಲಿ ಅಂತ ನಾನೇ ಬರೆದುಕೊಡುತ್ತೇನೆ. ಗಂಜ್ ರಸ್ತೆಯವರು ಕೇಳಿದ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಆದರೆ ಉಳಿದ ಸಿಬ್ಬಂದಿಯ ಸಂಬಳ ಮುಟ್ಟಬಾರದು. ಅವರದ್ದು ಮೊದಲೇ ಕಡಿಮೆ.

ಒಂದು ಕಗ್ಗಂಟು ಉಳಿದಿದೆ. ಅಡತಿ ಸಾಲ ಇರುವ ಸದಸ್ಯರು ಏನು ಮಾಡಬೇಕು? ನಮ್ಮ ಹತ್ತಿರ ಅಷ್ಟು ಬಂಡವಾಳ ಇಲ್ಲ.

ಗಂಜ್ ರಸ್ತೆ, ಕೊಪ್ಪಳ

ಮೊದಲ ವರ್ಷವೇ ಪೂರ್ತಿ ಮಾಲು ಕೇಳಬೇಡಿ. ಸಾಲದ ಲೆಕ್ಕಕ್ಕೆ ಬೇಕಾದಷ್ಟು ಚೀಲ ಅಡತಿಗೆ ಹೋಗಲಿ, ಮಿಕ್ಕಿದ್ದರಲ್ಲಿ ಐದು ಚೀಲ ನಿಮಗೆ ಹಾಕಲಿ. ಆ ಐದು ಚೀಲದ ಹಣ ಹೇಳಿದ ದಿನಕ್ಕೆ ಖಾತೆಗೆ ಬಿದ್ದರೆ ಮುಂದಿನ ವರ್ಷ ಹತ್ತು ಕೇಳಿ. ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟರೆ ರಸೀದಿ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ರೈತನಿಗೆ ಅವಸರದ ದುಡ್ಡಿಗೆ ಅದೊಂದು ದಾರಿ. ಸಾಲ ಇದ್ದವರನ್ನು ಸಭೆಯಲ್ಲಿ ಎತ್ತಿ ಆಡಬೇಡಿ, ಮತ್ತೆ ಅವರು ನಿಮ್ಮ ಕಡೆ ಬರೋದಿಲ್ಲ.

ಒಕ್ಕೂಟದ ಅಕ್ಕ, ದೇವದುರ್ಗ

ಹೆಂಗಸರ ಷೇರು ವಿಷಯಕ್ಕೆ, ನಿಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳ ಸಭೆಗೆ ಹೋಗಿ ಕೂತುಕೊಳ್ಳಿ. ನೀವು ಮಾತಾಡುವ ಮೊದಲು ಅವರ ಸಭೆ ಪೂರ್ತಿ ಮುಗಿಯಲಿ. ಷೇರು ಹಣವನ್ನು ಒಂದೇ ಸಲ ಕೇಳಬೇಡಿ, ಸಂಘದ ಒಳಸಾಲದಲ್ಲಿ ತೆಗೆದು ಕಂತಿನಲ್ಲಿ ಕಟ್ಟುತ್ತಾರೆ.

ಹಾಲಿನ ಕ್ಯಾನು, ಗಂಗಾವತಿ

ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಈ ವರ್ಷದ್ದು ಇದೆಯಾ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಆಗಬೇಕು. ಆ ಪ್ರಮಾಣಪತ್ರವನ್ನು ಖರೀದಿ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿ. ಜೊತೆಗೆ 20 ಕಿಲೋ ಕಲ್ಲು ಒಂದು ಪಕ್ಕದಲ್ಲಿ ಇರಲಿ. ಅನುಮಾನ ಬಂದವರು ತಾವೇ ಎತ್ತಿಟ್ಟು ನೋಡಿಕೊಳ್ಳಲಿ.

ಎರೆಭೂಮಿ, ಯಲಬುರ್ಗಾ

ಮುದ್ರೆ ದಿನಾಂಕ ಸೋಮವಾರವೇ ನೋಡುತ್ತೇನೆ. ಕಲ್ಲಿನ ವಿಷಯ ಹುಡುಗರಿಗೆ ಈಗಲೇ ಹೇಳಿದೆ. ಐದು ಚೀಲದ ಲೆಕ್ಕ ಬೋರ್ಡಿನವರಿಗೆ ಹೇಗೆ ಹಿಡಿಸುತ್ತದೆ ಅಂತ ಸಭೆ ಆದ ಮೇಲೆ ಇಲ್ಲೇ ಬರೆಯುತ್ತೇನೆ.